ಹಾಲು ಕೊಡುವ ಹಸು ಒದ್ದರೆ ಎಷ್ಟು ದಿನ ಸಹಿಸಬೇಕು?

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್, ಆರು ವರ್ಷದ ಅನುಭವ ಇದೆ. ನಮ್ಮ ಟೀಮಿನಲ್ಲಿ ಒಬ್ಬ ಸೀನಿಯರ್ ಇದ್ದಾರೆ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ನಡುರಾತ್ರಿ ಸರ್ವರ್ ಬಿದ್ದರೆ ಎಲ್ಲರೂ ಫೋನ್ ಮಾಡುವುದು ಅವರಿಗೇ. ಆದರೆ ಮಾತು ಮಾತ್ರ ಮುಳ್ಳು. ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ತಪ್ಪು ಹುಡುಕುವಾಗ, ಎಲ್ಲರಿಗೂ ಕಾಣುವ ಹಾಗೆ 'ಇದನ್ನು ಬರೆಯುವಾಗ ನಿದ್ದೆ ಮಾಡ್ತಿದ್ರಾ?' ಎಂದು ಬರೆಯುತ್ತಾರೆ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಅರ್ಧದಲ್ಲೇ ತಡೆಯುತ್ತಾರೆ. ಬೇಜಾರೆಂದರೆ, ಹೆಚ್ಚಿನ ಸಲ ಅವರು ಹೇಳುವುದು ಸರಿಯೇ ಇರುತ್ತದೆ. ಮ್ಯಾನೇಜರಿಗೆ ಹೇಳಿದರೆ 'ಹಾಲು ಕೊಡೋ ಹಸು ಒದ್ದರೂ ಸಹಿಸ್ಕೋಬೇಕು' ಎಂದು ನಕ್ಕರು. ಕಳೆದ ವರ್ಷ ಒಬ್ಬ ಜೂನಿಯರ್ ಹುಡುಗ ಕೆಲಸ ಬಿಟ್ಟು ಹೋದ. ನನಗೇ ತೊಗಲು ತೆಳುವಾ? ದೂರು ಕೊಡಲಾ, ಟೀಮ್ ಬದಲಿಸಲಾ, ಸುಮ್ನೆ ಇದ್ದುಬಿಡಲಾ? ಇನ್ನೊಂದು ವಿಷಯ. ಈಗ ಹೊಸದಾಗಿ ಸೇರಿದ ಹುಡುಗಿ 'ರಿವ್ಯೂಗೆ ಅವರನ್ನೇ ಹಾಕಬೇಕಾ?' ಎಂದು ಹೆದರಿಕೊಂಡು ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಾಲು. ಹೆಚ್ಚಿನ ಸಲ ಅವರು ಹೇಳುವುದು ಸರಿಯೇ ಇರುತ್ತದೆ ಎಂದಿದ್ದೀರಿ. ಕಷ್ಟದ ಗಂಟು ಇರುವುದು ಅಲ್ಲೇ. ಅವರು ತಪ್ಪು ಹೇಳುತ್ತಿದ್ದರೆ ನೀವು ವಾದ ಮಾಡುತ್ತಿದ್ದಿರಿ, ಗೆಲ್ಲುತ್ತಿದ್ದಿರಿ, ಮನೆಗೆ ಹೋಗಿ ಮರೆಯುತ್ತಿದ್ದಿರಿ. ಸರಿ ಹೇಳುವವರು ಅವಮಾನ ಮಾಡಿದಾಗ ಹಾಗಾಗುವುದಿಲ್ಲ. ಬಗ್ (ಕೋಡಿನಲ್ಲಿನ ತಪ್ಪು) ನನ್ನದು, ಹಾಗಾದರೆ ಬೈಗುಳವೂ ನನ್ನ ಪಾಲಿನದೇ ಎಂದು ಅನ್ನಿಸಲು ಶುರುವಾಗುತ್ತದೆ. ತೊಗಲಿನ ಪ್ರಶ್ನೆ ಬರುವುದು ಆಮೇಲೆ.

ಇವೆರಡನ್ನೂ ಬಿಡಿಸಿ ನೋಡಲು ನಾನು ಒಂದು ಸಣ್ಣ ಪರೀಕ್ಷೆ ಮಾಡಿಸುತ್ತೇನೆ. ಅವರು ನಿಮಗೆ ಬರೆದ ಕೊನೆಯ ಹತ್ತು ರಿವ್ಯೂ ಕಮೆಂಟ್ ತೆಗೆಯಿರಿ. ಅದರಲ್ಲಿ ವ್ಯಕ್ತಿಯ ಬಗ್ಗೆ ಇರುವ ಪದಗಳನ್ನೆಲ್ಲ ಹೊಡೆದು ಹಾಕಿ. ಏನು ಉಳಿಯಿತು ನೋಡಿ. 'ಈ ಲೂಪಿನ ಒಳಗೆ ಡೇಟಾಬೇಸ್ ಕರೆ ಇದೆ, ಸಾವಿರ ಆರ್ಡರ್ ಬಂದರೆ ಸಾವಿರ ಕ್ವೆರಿ ಓಡುತ್ತೆ, ತೆಗೀರಿ' ಎಂದು ಬರೆದಿದ್ದರೆ ಹೊಡೆದು ಹಾಕಲು ಏನೂ ಸಿಗುವುದಿಲ್ಲ. ಮಾತು ಒರಟು, ನಿಜ. ಆದರೆ ಇದು ಕೆಲಸದ ಮಾತು. ಇದಕ್ಕೆ ಬೇಜಾರಾದರೆ ತೊಗಲು ಸ್ವಲ್ಪ ಗಟ್ಟಿ ಮಾಡಿಕೊಳ್ಳುವುದೇ ಒಳ್ಳೆಯದು. 'ಡೇಟಾಬೇಸ್ ಅಂದ್ರೆ ಏನು ಅಂತಾದ್ರೂ ಗೊತ್ತಾ?' ಎಂಬುದರಲ್ಲಿ ಹೊಡೆದು ಹಾಕಿದರೆ ಏನೂ ಉಳಿಯುವುದಿಲ್ಲ. ಅದು ರಿವ್ಯೂ ಅಲ್ಲ, ಹೀಯಾಳಿಕೆ. ನೀವು ಕೊಟ್ಟ ನಿದ್ದೆಯ ಉದಾಹರಣೆ ಎರಡನೆಯ ಗುಂಪಿಗೆ ಸೇರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಅವರು ಯಾರ ಮುಂದೆ ಒರಟು? ಡೈರೆಕ್ಟರ್ ಮೀಟಿಂಗಿನಲ್ಲೂ 'ನಿದ್ದೆ ಮಾಡ್ತಿದ್ರಾ' ಎನ್ನುತ್ತಾರಾ? ಕೆಲವರು ಮೇಲಿನವರಿಗೂ ಕೆಳಗಿನವರಿಗೂ ಒಂದೇ ಥರ ಮಾತಾಡುತ್ತಾರೆ. ಅವರಿಗೆ ತಮ್ಮ ಧಾಟಿ ಎದುರಿನವರಿಗೆ ಹೇಗೆ ಕೇಳಿಸುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಅಂಥವರಿಗೆ ನೇರವಾಗಿ ಹೇಳಿದರೆ ಸಾಮಾನ್ಯವಾಗಿ ಬದಲಾಗುತ್ತಾರೆ, ಕೆಲವರು ಥ್ಯಾಂಕ್ಸ್ ಕೂಡ ಹೇಳುತ್ತಾರೆ. ಮೇಲಿನವರ ಮುಂದೆ ಬೆಣ್ಣೆ, ಜೂನಿಯರುಗಳ ಮುಂದೆ ಮುಳ್ಳು ಎಂದಾದರೆ ಅದು ಸ್ವಭಾವವಲ್ಲ, ಆಯ್ಕೆ. 'ಅವರು ಇರೋದೇ ಹಾಗೆ' ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. (ಅವರಿಗೆ ಇಂಥ ಕಾಯಿಲೆ, ಅಂಥ ಸಿಂಡ್ರೋಮ್ ಇರಬೇಕು ಎಂದು ಆಫೀಸಿನಲ್ಲಿ ಪಿಸುಗುಡುವುದನ್ನು ಮಾತ್ರ ಮಾಡಬೇಡಿ. ಅದು ನಮ್ಮ ಕೆಲಸವಲ್ಲ.)

ಈಗ ನಿಮ್ಮ ಮ್ಯಾನೇಜರ್ ಹೇಳಿದ ಗಾದೆಗೆ ಬರೋಣ. ಅವರನ್ನು ಬೈಯಲು ನನಗೆ ನೈತಿಕ ಹಕ್ಕಿಲ್ಲ. ಅದೇ ಕುರ್ಚಿಯಲ್ಲಿ ಕೂತು ಅದೇ ಮಾತನ್ನು ನಾನೂ ಆಡಿದ್ದೇನೆ. ನನ್ನ ಟೀಮಿನಲ್ಲೂ ಒಬ್ಬ ಇಂಥವನಿದ್ದ. ಸುಮಾರು ಎರಡು ವರ್ಷ ಅವನನ್ನು ಕಾಪಾಡಿದೆ. ಪ್ರತಿ ವರ್ಷದ ಅಪ್ರೈಸಲ್‌ನಲ್ಲಿ 'ಸಹೋದ್ಯೋಗಿಗಳ ಜತೆ ಮಾತಿನ ಧಾಟಿ ಸುಧಾರಿಸಬೇಕು' ಎಂದು ಕೊನೆಯಲ್ಲಿ ಒಂದು ಸಾಲು ಬರೆಯುತ್ತಿದ್ದೆ. ಮೇಲೆ ಅತಿ ಹೆಚ್ಚಿನ ರೇಟಿಂಗ್, ಒಳ್ಳೆಯ ಬೋನಸ್. ಕೊನೆಗೊಂದು ದಿನ ಗಟ್ಟಿಯಾಗಿ ಮಾತಾಡಿದಾಗ ಅವನು ನಿಜವಾಗಿಯೂ ಆಶ್ಚರ್ಯಪಟ್ಟ. 'ಇದು ಅಷ್ಟು ದೊಡ್ಡ ವಿಷಯ ಆಗಿದ್ದರೆ ರೇಟಿಂಗ್ ಯಾಕೆ ಕೊಟ್ರಿ?' ಎಂದು ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಬಾಯಲ್ಲಿ ಒಂದು ಹೇಳಿ ಸಂಬಳದ ಚೀಟಿಯಲ್ಲಿ ಇನ್ನೊಂದು ಹೇಳಿದರೆ ಜನ ನಂಬುವುದು ಚೀಟಿಯನ್ನೇ.

ನಾನು ಮಾಡಿದ ತಪ್ಪು ಲೆಕ್ಕದ್ದು. ಹಾಲನ್ನು ಅಳೆದೆ, ಒದೆತವನ್ನು ಅಳೆಯಲಿಲ್ಲ. ಅವನು ಮುಗಿಸಿದ ಕೆಲಸ ಟಿಕೆಟ್ ಬೋರ್ಡಿನಲ್ಲಿ, ಅಂದರೆ ಟೀಮಿನ ಕೆಲಸಗಳ ಪಟ್ಟಿಯಲ್ಲಿ, ಕಾಣುತ್ತಿತ್ತು. ಅವನ ಭಯಕ್ಕೆ ಬೇರೆಯವರು ಕೇಳದೇ ಬಿಟ್ಟ ಪ್ರಶ್ನೆಗಳು ಯಾವ ಬೋರ್ಡಿನಲ್ಲೂ ಇರಲಿಲ್ಲ. ಹುಡುಗರು ಅವನ ರಜೆಯ ದಿನ ನೋಡಿಕೊಂಡು ಕೋಡ್ ರಿವ್ಯೂಗೆ ಕಳಿಸುತ್ತಿದ್ದರು ಎಂಬುದು ನನಗೆ ಗೊತ್ತಾಗಿದ್ದೇ ತುಂಬ ತಡವಾಗಿ.

ಈ ವಿಷಯದಲ್ಲಿ ನಮ್ಮ ಉದ್ಯಮ ಕೆಲವು ಕಥೆಗಳನ್ನು ನಂಬಿಕೊಂಡು ಬಂದಿದೆ. ಒಬ್ಬ ಒಳ್ಳೆಯ ಪ್ರೋಗ್ರಾಮರ್ ಹತ್ತು ಜನಕ್ಕೆ ಸಮ ಎಂಬುದು ಮೊದಲನೆಯದು. ಇದರ ಬೇರು 1968ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿದೆ. ಸ್ಯಾಕ್‌ಮನ್, ಎರಿಕ್‌ಸನ್, ಗ್ರಾಂಟ್ ಎಂಬ ಮೂವರು ಕಂಪ್ಯೂಟರನ್ನು ನೇರವಾಗಿ ಬಳಸುವುದು ಒಳ್ಳೆಯದೋ, ಪ್ರೋಗ್ರಾಮ್ ಕೊಟ್ಟು ಫಲಿತಾಂಶಕ್ಕೆ ಕಾಯುವುದು ಒಳ್ಳೆಯದೋ ಎಂದು ಪರೀಕ್ಷಿಸಲು ಹೊರಟಿದ್ದರು. ಅನುಭವಿಗಳ ಗುಂಪಿನಲ್ಲಿ ಇದ್ದವರು 12 ಜನ. ಒಂದು ಪ್ರೋಗ್ರಾಮಿನ ಬಗ್ ಹುಡುಕಿ ಸರಿಮಾಡಲು ಅತಿ ವೇಗದವರಿಗೂ ಅತಿ ನಿಧಾನದವರಿಗೂ 28 ಪಟ್ಟು ವ್ಯತ್ಯಾಸ ಬಂತು. ಆ ಅಂಕಿ ಜಗತ್ತೆಲ್ಲ ಸುತ್ತಿತು. ಬೇರೆ ಬೇರೆ ವಿಧಾನದಲ್ಲಿ ಕೆಲಸ ಮಾಡಿದವರನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಅದು ಉಬ್ಬಿದ ಅಂಕಿ ಎಂದು ಆಮೇಲೆ ಹಲವರು ತೋರಿಸಿದರು. ಉಬ್ಬು ತೆಗೆದರೂ ವ್ಯತ್ಯಾಸ ಇದ್ದೇ ಇದೆ, ನಾನೂ ಕಣ್ಣಾರೆ ನೋಡಿದ್ದೇನೆ. ಆದರೆ ಅಲ್ಲಿ ಅಳೆದದ್ದು ಒಬ್ಬನೇ ಕೂತು ಒಂದು ಪ್ರೋಗ್ರಾಮ್ ಸರಿಮಾಡುವ ವೇಗವನ್ನು. ಪಕ್ಕದಲ್ಲಿ ಕೂತ ಏಳು ಜನರ ವೇಗ ಅವನಿಂದ ಏರಿತಾ, ಇಳಿಯಿತಾ ಎಂಬುದನ್ನಲ್ಲ. ನಿಮ್ಮ ಆಫೀಸಿನಲ್ಲಿ ಇರುವುದು ಆ ಎರಡನೇ ಪ್ರಶ್ನೆ.

ಎರಡನೇ ಕಥೆ: ಬೈದರೆ ಗುಣಮಟ್ಟ ಹೆಚ್ಚುತ್ತದೆ. ಇದಕ್ಕೆ ಉತ್ತರ ಸಾಫ್ಟ್‌ವೇರ್ ಲೋಕದ ಹೊರಗಿದೆ. 2015ರಲ್ಲಿ ಇಸ್ರೇಲಿನಲ್ಲಿ ನವಜಾತ ಶಿಶು ತೀವ್ರ ನಿಗಾ ಘಟಕಗಳ 24 ತಂಡಗಳ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ತರಬೇತಿಯ ಗೊಂಬೆ ಶಿಶುವಿಗೆ ಚಿಕಿತ್ಸೆ ಕೊಡುವ ಅಣಕು ಪರೀಕ್ಷೆ ಅದು. ಕೆಲವು ತಂಡಗಳಿಗೆ ವಿದೇಶಿ ತಜ್ಞರೊಬ್ಬರು ಅವರ ಗುಣಮಟ್ಟದ ಬಗ್ಗೆ ಕೊಂಕು ಮಾತಾಡಿದರು. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಕಾರಣ ನೋಡಿದರೆ, ಅವರು ಒಬ್ಬರಿಗೊಬ್ಬರು ಮಾಹಿತಿ ಹೇಳಿಕೊಳ್ಳುವುದು ಮತ್ತು ಸಹಾಯ ಕೇಳುವುದು ಕಡಿಮೆಯಾಗಿತ್ತು. ಸರ್ವರ್ ಬಿದ್ದ ರಾತ್ರಿ ನಿಮಗೆ ಬೇಕಾದದ್ದೂ ಇವೆರಡೇ ಅಲ್ವಾ? 'ಸಂಜೆ ಆರಕ್ಕೆ ಆ ಸೆಟ್ಟಿಂಗ್ ಬದಲಿಸಿದ್ದು ನಾನು' ಎಂದು ಒಬ್ಬರು ಬಾಯಿಬಿಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುವುದು, ಬಾಯಿಬಿಡದಿದ್ದರೆ ಬೆಳಗಿನವರೆಗೆ ಎಳೆಯುತ್ತದೆ.

ಪ್ರತಿಭೆ ಇದ್ದರೆ ಒರಟುತನ ಜತೆಗೇ ಬರುತ್ತದೆ, ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ ಎಂಬುದು ಮೂರನೆಯದು. ಇದಕ್ಕೆ ಜನ ಯಾವಾಗಲೂ ಕೊಡುತ್ತಿದ್ದ ಉದಾಹರಣೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್. ಕೋಡ್ ಕಳಿಸಿದವರನ್ನು ಅವರು ಇಮೇಲ್‌ನಲ್ಲಿ ಬೈಯುತ್ತಿದ್ದ ರೀತಿ ಕುಖ್ಯಾತವಾಗಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಕ್ಷಮೆ ಕೇಳಿದರು. ಜನರ ಭಾವನೆ ಅರ್ಥಮಾಡಿಕೊಳ್ಳಲು ಸಹಾಯ ಪಡೆಯುತ್ತೇನೆ ಎಂದು ಬರೆದು ಸ್ವಲ್ಪ ಕಾಲ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಕೆಲಸದಿಂದ ದೂರ ಸರಿದರು. ಅದೇ ಹೊತ್ತಿಗೆ ಕರ್ನಲ್ ಯೋಜನೆ ಹೊಸ ನಡವಳಿಕೆ ನಿಯಮ ತಂದಿತು. ಆ ಸಲದ 4.19 ಆವೃತ್ತಿಯನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಬಿಡುಗಡೆ ಮಾಡಿದರು, ಅಕ್ಟೋಬರ್‌ನಲ್ಲಿ ಟೊರ್ವಾಲ್ಡ್ಸ್ ವಾಪಸ್ ಬಂದರು. ಲಿನಕ್ಸ್ ನಿಲ್ಲಲಿಲ್ಲ, ಅವರ ಪ್ರತಿಭೆಯೂ ಎಲ್ಲೂ ಹೋಗಲಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮ್ಯಾನೇಜರುಗಳಿಗೆ ಅದು ಬೇಗ ಅರ್ಥವಾಗುತ್ತದೆ. ಹೌಸ್‌ಮನ್ ಮತ್ತು ಮೈನರ್ ಎಂಬ ಇಬ್ಬರು 2015ರಲ್ಲಿ 11 ಕಂಪನಿಗಳ 50,000ಕ್ಕೂ ಹೆಚ್ಚು ನೌಕರರ ದಾಖಲೆ ನೋಡಿದರು. ಇವರು ಸೇವಾ ಕೆಲಸದವರು, ಎಂಜಿನಿಯರುಗಳಲ್ಲ ಎಂಬುದು ನೆನಪಿರಲಿ. ಕೆಟ್ಟ ನಡವಳಿಕೆಗಾಗಿ ಕೆಲಸ ಕಳೆದುಕೊಂಡವರು ಉಳಿದವರಿಗಿಂತ ವೇಗವಾಗಿ ಕೆಲಸ ಮಾಡುವವರೇ ಆಗಿದ್ದರು. ಹಾಗಾಗಿಯೇ ಅವರನ್ನು ಅಷ್ಟು ದಿನ ಇಟ್ಟುಕೊಂಡಿದ್ದರೋ ಏನೋ. ಆದರೂ ಮೊದಲ ಒಂದು ಶೇಕಡಾದಲ್ಲಿ ನಿಲ್ಲುವ ಒಬ್ಬ ಸೂಪರ್‌ಸ್ಟಾರನ್ನು ಸೇರಿಸಿಕೊಂಡು ಬರುವ ಲಾಭಕ್ಕಿಂತ, ಇಂಥ ಒಬ್ಬರನ್ನು ಸೇರಿಸಿಕೊಳ್ಳದೇ ಉಳಿಯುವ ಹಣ ಎರಡು ಪಟ್ಟಿಗೂ ಹೆಚ್ಚಿತ್ತು.

ಹಾಗಾದರೆ ಇಂಥವರು ತಯಾರಾಗುವುದು ಹೇಗೆ? ಹುಟ್ಟಿನಿಂದ ಯಾರೂ ಹೀಗಿರುವುದಿಲ್ಲ, ಅಷ್ಟಿಷ್ಟು ನಾವೇ ತಯಾರು ಮಾಡುತ್ತೇವೆ. ಬೆಂಕಿ ಆರಿಸಿದವನಿಗೆ ಚಪ್ಪಾಳೆ, ಬೆಂಕಿಯೇ ಬೀಳದ ಹಾಗೆ ನೋಡಿಕೊಂಡವನ ಹೆಸರೂ ಗೊತ್ತಿಲ್ಲ. ನಡುರಾತ್ರಿ ಎದ್ದು ಬರುವವನು ಹೀರೋ ಆಗುತ್ತಾನೆ. ಹೀರೋ ಆದವನ ತಲೆಯಲ್ಲಿ ಮಾತ್ರ ಸಿಸ್ಟಮ್ಮಿನ ಗುಟ್ಟು ಉಳಿಯುತ್ತದೆ. ಆಮೇಲೆ ಪ್ರತಿಯೊಂದು ರಿವ್ಯೂ, ಪ್ರತಿಯೊಂದು ಡಿಸೈನ್ ಅವನ ಟೇಬಲ್‌ಗೇ ಬರುತ್ತದೆ. ದಿನಕ್ಕೆ ಹದಿನೈದು ಜನ ಬಾಗಿಲು ಬಡಿದರೆ ಯಾರಿಗೆ ತಾಳ್ಮೆ ಇರುತ್ತದೆ? ನಿದ್ದೆಗೆಟ್ಟ ಮನುಷ್ಯ ಸಿಡುಕುತ್ತಾನೆ. ಸಿಡುಕಿದರೆ ಜನ ದೂರ ಹೋಗುತ್ತಾರೆ, ತಲೆಗೆ ಕೊಂಚ ಶಾಂತಿ ಸಿಗುತ್ತದೆ. ಅಲ್ಲಿಗೆ ಸಿಡುಕಿಗೆ ಒಂದು ಲಾಭವೂ ಸಿಕ್ಕಿತು. ತನ್ನ ಕೋಡನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬುದು ಅದರ ಮೇಲಿನ ಬೋನಸ್. ನಿಮ್ಮ ಸೀನಿಯರ್ ಬರೆದ ಕೋಡನ್ನು ಯಾರು ರಿವ್ಯೂ ಮಾಡುತ್ತಾರೆ? ನನಗೆ ಅನುಮಾನ ಇದೆ.

ಬರಹದ್ದೂ ಒಂದು ಪಾಲಿದೆ. ಎದುರು ಕೂತು ನಗುತ್ತಾ 'ನಿದ್ದೆ ಮಾಡ್ತಿದ್ರಾ' ಎಂದರೆ ತಮಾಷೆಯಾಗಿ ಹೋಗಬಹುದು. ಬರೆದಾಗ ನಗು ಉದುರಿ ಹೋಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ ಹಿರಿಯರು. ರಿವ್ಯೂ ಕಮೆಂಟಿನ ಕಷ್ಟ ಏನೆಂದರೆ ಅದು ಹೋಗುವುದೇ ಇಲ್ಲ, ಐದು ವರ್ಷದ ನಂತರ ಯಾರೋ ಹುಡುಕಿದರೂ ಅಲ್ಲೇ ಇರುತ್ತದೆ.

ಇನ್ನು ನೀವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಮೊದಲೇ ಒಂದು ಗಡಿ ಹಾಕಿಬಿಡುತ್ತೇನೆ. ಮಾತಿನಲ್ಲಿ ಲೈಂಗಿಕ ವಿಷಯ, ಜಾತಿ, ಧರ್ಮ, ಬಣ್ಣ, ಹುಟ್ಟೂರು ಇಂಥದ್ದು ಬಂದರೆ, ಅಥವಾ ಬೆದರಿಕೆ ಬಂದರೆ, ಮುಂದೆ ಹೇಳುವ ಯಾವುದೂ ಬೇಡ. ಅದು ಒರಟುತನವಲ್ಲ, ಕಿರುಕುಳ. ನೇರವಾಗಿ ಲಿಖಿತ ದೂರು ಕೊಡಿ.

ಅದಿಲ್ಲದಿದ್ದರೆ, ನಾನು ಮೊದಲು ಸೂಚಿಸುವುದು ಅವರ ಜತೆ ಒಬ್ಬರೇ ಮಾತಾಡುವುದನ್ನು. ಹೆದರಿಕೆ ಆಗುತ್ತದೆ, ಗೊತ್ತು. ಇಂಥವರ ವಿಷಯದಲ್ಲಿ ಒಂದು ವಿಚಿತ್ರ ಎಂದರೆ, ಅವರ ಬಗ್ಗೆ ಇಡೀ ಫ್ಲೋರ್ ಮಾತಾಡಿರುತ್ತದೆ, ಅವರಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಕಮೆಂಟ್ ಬಂದ ಗಂಟೆಯಲ್ಲೇ ಹೋಗಬೇಡಿ, ಅದೇ ಕಮೆಂಟಿನ ಕೆಳಗೆ ಉತ್ತರವನ್ನೂ ಬರೆಯಬೇಡಿ. ಅಲ್ಲಿ ನೋಡುವವರಿದ್ದಾರೆ, ನೋಡುವವರಿದ್ದರೆ ಅವರು ಸೋಲುವುದಿಲ್ಲ. ಮರುದಿನ ಹತ್ತು ನಿಮಿಷ ಕೇಳಿ. 'ನೀವು ಯಾವಾಗಲೂ ಹೀಗೆ' ಎಂದು ಶುರು ಮಾಡಿದರೆ ಕೆಲಸ ಕೆಟ್ಟಿತು. ಒಂದೇ ಘಟನೆ ಹಿಡಿಯಿರಿ: 'ನಿನ್ನೆಯ ರಿವ್ಯೂನಲ್ಲಿ ಲೂಪಿನ ಬಗ್ಗೆ ನೀವು ಹೇಳಿದ್ದು ಸರಿ, ತಿದ್ದಿದ್ದೇನೆ. ನಿದ್ದೆ ಮಾಡ್ತಿದ್ರಾ ಅಂತ ಎಲ್ಲರ ಮುಂದೆ ಬರೆದದ್ದು ನನಗೆ ಸರಿ ಕಾಣಲಿಲ್ಲ. ತಪ್ಪಿದ್ದರೆ ತಪ್ಪು ಎಲ್ಲಿದೆ ಅಂತ ಬರೀರಿ, ಅಷ್ಟು ಸಾಕು.' ಇಷ್ಟು ಹೇಳಿ ನಿಲ್ಲಿಸಿ. ಮೌನ ಬಂದರೆ ಅದನ್ನು ತುಂಬಲು ಹೋಗಬೇಡಿ. 'ಪರವಾಗಿಲ್ಲ ಬಿಡಿ' ಎಂದುಬಿಡುತ್ತೇವಲ್ಲ, ಹೇಳಿದ್ದೆಲ್ಲ ಹಾಳಾಗುವುದು ಅಲ್ಲೇ.

ಅಪಾಯ ಇಲ್ಲ ಎನ್ನಲಾರೆ. ಕೆಲವರು ನಕ್ಕು ಹಾರಿಸುತ್ತಾರೆ. ಕೆಲವರು ಮುಂದಿನ ಮೀಟಿಂಗಿನಲ್ಲಿ 'ಇವರಿಗೆ ಏನಾದರೂ ಹೇಳೋಕೆ ಭಯ ಆಗುತ್ತೆ' ಎಂದು ಕುಟುಕುತ್ತಾರೆ. ಅಂಥ ಸೇಡು ಬಂದರೆ ಅದೂ ಒಂದು ಮಾಹಿತಿಯೇ. ಅವರಿಗೆ ಗೊತ್ತಿರಲಿಲ್ಲ ಎಂಬ ನೆಪ ಅಲ್ಲಿಗೆ ಮುಗಿಯಿತು.

ಮೀಟಿಂಗಿನಲ್ಲಿ ತಡೆದಾಗ ಉದ್ದ ಭಾಷಣ ಬೇಡ. 'ಇನ್ನೆರಡು ವಾಕ್ಯ ಇದೆ, ಮುಗಿಸ್ತೀನಿ' ಎಂದು ಮುಂದುವರಿಸಿ. ಇದನ್ನು ನಾಲ್ಕು ಸಲ ಮಾಡಿ ನೋಡಿ.

ಎರಡನೇ ದಾರಿ ನಿಧಾನದ್ದು, ಆದರೆ ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೇ. ವ್ಯಕ್ತಿಯನ್ನು ಬಿಟ್ಟು ಕೆಲಸದ ಪದ್ಧತಿ ಬದಲಿಸಿ. ಸ್ಪೇಸ್, ಹೆಸರಿಡುವುದು, ಆವರಣ ಚಿಹ್ನೆ ಇಂಥ ಜಗಳವನ್ನೆಲ್ಲ ಕೋಡಿನ ಅಚ್ಚುಕಟ್ಟು ತಾನಾಗಿಯೇ ನೋಡುವ ಫಾರ್ಮ್ಯಾಟರ್, ಲಿಂಟರ್ ಎಂಬ ಸಾಧನಗಳಿಗೆ ಬಿಟ್ಟುಬಿಡಿ. ಯಂತ್ರ ಬೈದರೆ ಯಾರಿಗೂ ನೋವಾಗುವುದಿಲ್ಲ. ದೊಡ್ಡ ಕೆಲಸಕ್ಕೆ ಕೋಡ್ ಬರೆಯುವ ಮೊದಲೇ ಒಂದು ಪುಟದ ಡಿಸೈನ್ ಬರೆದು ಅವರಿಗೆ ತೋರಿಸಿ. ಎರಡು ವಾರದ ಕೆಲಸ ನೋಡಿ 'ಎಲ್ಲ ತಪ್ಪು' ಎನ್ನುವಾಗ ಬರುವ ಕಹಿ ಒಂದು ಪುಟ ನೋಡಿ ಅನ್ನುವಾಗ ಇರುವುದಿಲ್ಲ. ಪ್ರತಿ ಕಮೆಂಟಿನ ಮುಂದೆ 'ಕಡ್ಡಾಯ', 'ಸಲಹೆ', 'ಪ್ರಶ್ನೆ' ಎಂದು ಗುರುತು ಹಾಕುವ ರೂಢಿ ತನ್ನಿ. ರಿವ್ಯೂ ಪಾಳಿ ಹಾಕಿ, ಅವರ ಕೋಡ್ ಕೂಡ ಪಾಳಿಯಲ್ಲಿ ಬರಲಿ. ಸರ್ವರ್ ಬಿದ್ದಾಗ ಏನು ಮಾಡಬೇಕು ಎಂಬುದನ್ನು ಅವರ ತಲೆಯಿಂದ ಹೊರಗೆ ತೆಗೆದು ಬರೆಸಿ. ಮುಂದಿನ ಸಲ ಇನ್ನೊಬ್ಬರು ಕೀಬೋರ್ಡ್ ಹಿಡಿಯಲಿ, ಅವರು ಪಕ್ಕದಲ್ಲಿ ಕೂರಲಿ. ಮುಗಿದ ಕೆಲಸವನ್ನು ಹಿಂತಿರುಗಿ ನೋಡುವ ರೆಟ್ರೋಸ್ಪೆಕ್ಟಿವ್ ಮೀಟಿಂಗಿನಲ್ಲಿ ಇದನ್ನು ಎತ್ತಲು ನೀವು ಲೀಡ್ ಆಗಬೇಕಾಗಿಲ್ಲ, ಅವರ ಹೆಸರನ್ನೂ ಎತ್ತಬೇಕಾಗಿಲ್ಲ. 'ಒಬ್ಬರ ಮೇಲೇ ಇಷ್ಟು ಭಾರ ಬೇಡ' ಎಂದರೆ ಸಾಕು, ಅದು ಸುಳ್ಳೂ ಅಲ್ಲ. ಎಲ್ಲದಕ್ಕೂ 'ಕಡ್ಡಾಯ' ಎಂದೇ ಗುರುತು ಹಾಕುವ ಮಹಾನುಭಾವರನ್ನೂ ನಾನು ನೋಡಿದ್ದೇನೆ, ಆ ಮಾತು ಬೇರೆ.

ಮ್ಯಾನೇಜರ್ ಹತ್ತಿರ ಮತ್ತೆ ಹೋಗುವುದಾದರೆ ವಿಶೇಷಣ ಬಿಟ್ಟು ಹೋಗಿ. 'ಅವರು ರೂಡ್' ಎಂದರೆ ಅದು ನಿಮ್ಮಿಬ್ಬರ ಜಗಳವಾಗಿ ಕಾಣುತ್ತದೆ. ತಾರೀಕು, ಅವರ ಪದಗಳು, ಆಮೇಲೆ ಕೆಲಸಕ್ಕೆ ಏನಾಯಿತು, ಈ ಮೂರನ್ನು ಎರಡು ತಿಂಗಳು ಬರೆದಿಟ್ಟುಕೊಳ್ಳಿ. 'ಈ ಬದಲಾವಣೆ ಆರು ದಿನ ಬಿದ್ದಿತ್ತು, ಏಕೆಂದರೆ ಅವರಿಗೆ ಕಳಿಸಲು ಇಬ್ಬರು ಹೆದರಿದರು' ಎಂಬ ವಾಕ್ಯ ಮ್ಯಾನೇಜರ್ ಕಿವಿಗೆ ಬೇರೆ ಥರ ಕೇಳಿಸುತ್ತದೆ. ಕಂಪನಿಯ ಕೋಡ್, ಸ್ಕ್ರೀನ್‌ಶಾಟ್‌ಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದೇ ನಿಮ್ಮ ಮೇಲೆ ತಿರುಗಬಹುದು. ಸಾಧ್ಯವಾದರೆ ಇನ್ನಿಬ್ಬರು ತಮ್ಮ ಅನುಭವವನ್ನು ತಾವೇ ಹೋಗಿ ಹೇಳಲಿ, ನೀವು ವಕೀಲಿಕೆ ಮಾಡಬೇಡಿ. ಹೇಳಿದ್ದು ಸೋರಿ ಅವರ ಕಿವಿಗೆ ಬೀಳುವ ಅಪಾಯ ಇದೆ. ಕಂಪನಿ ಲೆಕ್ಕ ಹಾಕಿ ಅವರ ಪರ ನಿಲ್ಲುವ ಸಾಧ್ಯತೆಯೂ ಇದೆ. ನೆಟ್‌ಫ್ಲಿಕ್ಸ್ 2009ರಲ್ಲೇ ತನ್ನ ಸಂಸ್ಕೃತಿಯ ಸ್ಲೈಡುಗಳನ್ನು ಹೊರಗೆ ಬಿಟ್ಟು, 'ಬ್ರಿಲಿಯಂಟ್ ಜರ್ಕ್'ಗಳನ್ನು, ಅಂದರೆ ಪ್ರತಿಭೆ ಇದ್ದರೂ ಒರಟಾಗಿ ನಡೆದುಕೊಳ್ಳುವವರನ್ನು, ಇಟ್ಟುಕೊಳ್ಳುವುದಿಲ್ಲ ಎಂದು ಸಾರಿತು. ಆಮೇಲೆ ಎಷ್ಟೋ ಕಂಪನಿಗಳು ಆ ಮಾತನ್ನು ಗೋಡೆಗೆ ಅಂಟಿಸಿಕೊಂಡವು. ಗೋಡೆ ನೋಡಬೇಡಿ, ಕಳೆದ ಸಲ ಬಡ್ತಿ ಯಾರಿಗೆ ಸಿಕ್ಕಿತು ಎಂಬುದನ್ನು ನೋಡಿ.

ಟೀಮ್ ಬದಲಿಸುವುದು ಸೋಲು ಎಂದುಕೊಳ್ಳಬೇಡಿ. ಆದರೆ ಅಪ್ರೈಸಲ್ ಮುಗಿದ ಮೇಲೆ ಕೇಳಿ. ನಡುವೆ ಹೋದರೆ ನಿಮ್ಮ ವರ್ಷದ ಕೆಲಸ ಎರಡು ಮ್ಯಾನೇಜರುಗಳ ಮಧ್ಯೆ ಅನಾಥವಾಗುತ್ತದೆ. ಹೊರಡುವ ಹೊತ್ತು ಬಂತು ಎಂದು ಹೇಗೆ ಗೊತ್ತಾಗುತ್ತದೆ? ಅಳು ಬಂದಾಗಲ್ಲ. ಕೋಡ್ ಬರೆಯುವಾಗ 'ಇದು ಸರಿಯಾ' ಎಂದು ಯೋಚಿಸುವ ಬದಲು 'ಇದಕ್ಕೆ ಅವರು ಏನಂತಾರೆ' ಎಂದಷ್ಟೇ ಯೋಚಿಸಲು ಶುರು ಮಾಡಿದಾಗ. ಆ ಹಂತದಲ್ಲಿ ನೀವು ಅವರಿಂದ ಏನೂ ಕಲಿಯುತ್ತಿಲ್ಲ, ತಪ್ಪಿಸಿಕೊಳ್ಳುತ್ತಿದ್ದೀರಿ. ಸುಮ್ನೆ ಇರುವ ದಾರಿಯ ಅಪಾಯವೂ ಇದೇ.

ನನ್ನ ಟೀಮಿನವನು ಏನಾದ ಎಂದು ಕೇಳಬಹುದು. ರೇಟಿಂಗ್ ಇಳಿಸಿದ ಮರುವರ್ಷ ಅವನೇ ಬಿಟ್ಟು ಹೋದ. ಹೋದ ಮೇಲೆ ಎಲ್ಲ ಸುಗಮವಾಯಿತು ಎಂದರೆ ಸುಳ್ಳಾಗುತ್ತದೆ. ಅವನು ಮಧ್ಯಾಹ್ನದೊಳಗೆ ಹಿಡಿಯುತ್ತಿದ್ದ ಒಂದು ಬಗ್ ನಮಗೆ ಒಂಬತ್ತು ದಿನ ತಿಂದಿತು. ಬೈದುಕೊಂಡೇ ಹುಡುಕಿದೆವು. ಆದರೆ ಆ ಒಂಬತ್ತು ದಿನದಲ್ಲಿ ಸಿಸ್ಟಮ್ಮಿನ ಆ ಮೂಲೆ ನಾಲ್ಕು ಜನಕ್ಕೆ ಗೊತ್ತಾಯಿತು. ಮೊದಲು ಗೊತ್ತಿದ್ದದ್ದು ಒಬ್ಬನಿಗೆ.

ಕೊನೆಗೆ, ಆ ಹೊಸ ಹುಡುಗಿಯ ಪ್ರಶ್ನೆ. ಅವರನ್ನು ರಿವ್ಯೂಗೆ ಹಾಕಲೇಬೇಡ ಎಂದು ಹೇಳಬೇಡಿ, ಅವರ ಕಣ್ಣಿಗೆ ಬೀಳುವ ತಪ್ಪುಗಳು ಬೇರೆಯವರಿಗೆ ಕಾಣುವುದಿಲ್ಲ. ಅವರ ಹೆಸರಿನ ಪಕ್ಕ ನಿಮ್ಮ ಹೆಸರನ್ನೂ ಹಾಕಲು ಹೇಳಿ. ಕೋಡ್ ಕಳಿಸುವಾಗ ಏನು ಮಾಡಿದ್ದೇನೆ, ಏನು ಪ್ರಯತ್ನಿಸಿ ಬಿಟ್ಟೆ, ಎಲ್ಲಿ ಅನುಮಾನ ಇದೆ ಎಂದು ಮೂರು ಸಾಲು ಬರೆಯುವುದನ್ನು ಕಲಿಸಿ. ಅರ್ಧ ಸಿಡುಕು ಅಲ್ಲೇ ಇಳಿಯುತ್ತದೆ. ಕಮೆಂಟ್ ಬಂದ ದಿನ ಅವಳು ಅದನ್ನು ರಾತ್ರಿ ಒಬ್ಬಳೇ ಕೂತು ಓದುವುದು ಬೇಡ. ಬೆಳಿಗ್ಗೆ ಇಬ್ಬರೂ ಕೂತು ಓದಿ, ಹೊಡೆದು ಹಾಕಬೇಕಾದದ್ದನ್ನು ಹೊಡೆದು ಹಾಕಿ, ಉಳಿದದ್ದನ್ನು ತಿದ್ದಿ. ಮತ್ತೆ ನಿದ್ದೆಯ ಮಾತು ಬಂದಿದ್ದರೆ, ಅವಳ ಪರವಾಗಿ ಆ ಹತ್ತು ನಿಮಿಷ ಕೇಳಲು ಈ ಸಲ ನೀವೇ ಹೋಗಿ.